ಚಿತ್ರದ ಹಕ್ಕಿಗೆ ಹೆಸರು ಯಾವುದು?

ಬಾನುಲಿಯಲ್ಲಿ ಮಾತನಾಡುವವರ ಮುಖ ನಮಗೆ ಕಾಣಿಸುವುದಿಲ್ಲ. ಆದರೂ ಪರಿಚಿತವಾದ ದನಿಯಾದರೆ ಮೊದಲನೆಯ ವಾಕ್ಯ ಮುಗಿಯುವಷ್ಟರಲ್ಲಿಯೇ ಇಂಥವರೆಂದು ಮನೆಮಂದಿಯೆಲ್ಲ ಹೇಳಿಬಿಡುತ್ತಾರೆ. ಛಾಯಾಚಿತ್ರದ ಸಂಗತಿ ಇದಕ್ಕೆ ತೀರ ವಿಪರೀತ. ಅಲ್ಲಿ ಮುಖವುಂಟು, ದನಿಯಿಲ್ಲ, ನಿಲುವುಂಟು, ನಡೆಯಿಲ್ಲ. ಮನುಷ್ಯರ ಮಟ್ಟಿಗೆ ಇದರಿಂದ ಹೆಚ್ಚಿನ ತೊಂದರೆಯೇನೂ ಆಗದು. ಆದರೆ ನೊಣಹಿಡುಕವೆಂಬ ಪುಟ್ಟ ಹಕ್ಕಿಗಳ ಒಂದೇ ಒಂದು ಚಿತ್ರವನ್ನು ಮುಂದಿಟ್ಟು ‘ಇದರ ಹೆಸರೇನು?’ ಎಂದು ಕೇಳಿದರೆ, ಹಕ್ಕಿ ನೋಡಿ ಪಳಗಿದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಗಳಿಗೆಯಲ್ಲಿ ಅವರು ಏನನ್ನು ನೋಡುತ್ತಾರೆ, ಏನನ್ನು ನೋಡಿಯೂ ನಂಬದೆ ಬಿಡುತ್ತಾರೆ ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ನೊಣಹಿಡುಕ ಎಂಬುದು ಅನ್ವರ್ಥನಾಮ. ಪಂಡಿತರು ಈ ಹಕ್ಕಿಗಳ ಒಂದು ಕುಲಕ್ಕೆ ಕೊಟ್ಟಿರುವ ಮಸ್ಕಿಕಾಪ ಎಂಬ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ‘ಮಸ್ಕ’ ಎಂದರೆ ನೊಣ, ‘ಕಾಪೆರೆ’ ಎಂದರೆ ಹಿಡಿಯುವುದು. ಗುಬ್ಬಿಯಷ್ಟು, ಕೆಲವು ಗುಬ್ಬಿಗಿಂತಲೂ ಚಿಕ್ಕವು. ಒಂದು ರೆಂಬೆಯ ಮೇಲೆ ನೆಟ್ಟಗೆ ಕುಳಿತಿರುತ್ತವೆ. ಹುಳು ಹಾರಿತೆಂದರೆ ಥಟ್ಟನೆ ಚಿಮ್ಮಿ, ಗಾಳಿಯಲ್ಲಿಯೇ ಹಿಡಿದು, ಮತ್ತೆ ಅದೇ ರೆಂಬೆಗೋ ಅದರ ಪಕ್ಕದ್ದಕ್ಕೋ ಬಂದು ಕೂರುತ್ತವೆ. ಈ ಕಸುಬಿಗೆ ಬೇಕಾದ ಉಪಕರಣಗಳೆಲ್ಲ ಅವುಗಳ ಮುಖದಲ್ಲಿಯೇ ಇವೆ: ಬುಡದಲ್ಲಿ ಅಗಲವಾಗಿ ಚಪ್ಪಟೆಯಾದ ಕೊಕ್ಕು, ಬಾಯಿಯ ಮೂಲೆಯಲ್ಲಿ ಮೀಸೆಯಂಥ ಬಿರುಸು ಕೂದಲು, ಮಬ್ಬು ಬೆಳಕಿನಲ್ಲಿಯೂ ಹುಳುವನ್ನು ಗುರುತಿಸುವ ದೊಡ್ಡ ಕಪ್ಪು ಕಣ್ಣು. ಪಟ್ಟಣದ ಹಿತ್ತಿಲಲ್ಲಿ ಬೆಳಗಿನ ಜಾವ ಸಿಳ್ಳು ಹಾಕುವ ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯನ್ನೂ ಈಚಿನ ವಿದ್ವಾಂಸರು ಇದೇ ಸಂಸಾರಕ್ಕೆ ಸೇರಿಸಿದ್ದಾರೆ. ಹೀಗಾಗಿ ನೊಣಹಿಡುಕಗಳನ್ನು ಕಂಡೇ ಇಲ್ಲ ಎನ್ನುವವರು ಕೂಡ ಅವುಗಳ ದಾಯಾದಿಯನ್ನಂತೂ ದಿನಾ ಕಾಣುತ್ತಿದ್ದಾರೆ.

ಮಡಿವಾಳನನ್ನು ಗುರುತಿಸಲು ಯಾರ ಸಹಾಯವೂ ಬೇಡ. ತೊಡಕೆಲ್ಲ ಇರುವುದು ಕಂದು ಬಣ್ಣದವುಗಳಲ್ಲಿ. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಿಗೂ ಕಾಫಿ ತೋಟಗಳಿಗೂ ಇಂಥ ಚಿಕ್ಕ ಕಂದು ಹಕ್ಕಿಗಳು ದೂರದೂರದಿಂದ ಬಂದು ತಂಗುತ್ತವೆ. ಕಂದು ನೊಣಹಿಡುಕದ ಮುಖ್ಯ ನೆಲೆ ಹಿಮಾಲಯದಿಂದ ಸೈಬೀರಿಯ, ಜಪಾನುಗಳವರೆಗೆ ಹಬ್ಬಿದೆ; ಕೆಲವು ಮಾತ್ರ ನಮ್ಮ ಘಟ್ಟದಲ್ಲಿಯೇ ಗೂಡು ಕಟ್ಟುವುದೂ ಉಂಟು. ಕಂದೆದೆಯ ನೊಣಹಿಡುಕ ಮರಿ ಮಾಡುವುದು ಭಾರತದ ಈಶಾನ್ಯ ಮೂಲೆಯಲ್ಲಿ ಮತ್ತು ಅದರಾಚೆಯ ಬರ್ಮ, ಚೀನಗಳ ಗುಡ್ಡಗಳಲ್ಲಿ. ಚಳಿಗಾಲ ಕಳೆಯುವುದು ನಮ್ಮ ನೈರುತ್ಯದ ಮೂಲೆಯಲ್ಲಿ ಮತ್ತು ಸಿಂಹಳದಲ್ಲಿ. ದೇಶವನ್ನು ಮೂಲೆಯಿಂದ ಮೂಲೆಗೆ ಕರ್ಣರೇಖೆಯಂತೆ ದಾಟುವ ಪ್ರಯಾಣ ಅದರದು. ತುಕ್ಕುಬಾಲದ ನೊಣಹಿಡುಕ ಕಾಶ್ಮೀರದ ಕಡೆಯ ಹಿಮಾಲಯದ್ದು. ಅದೂ ಚಳಿಗೆ ಇಲ್ಲಿಗೇ ಬರುತ್ತದೆ. ಇವುಗಳ ಜೊತೆಗೆ ಗಂಡಿಗೆ ಮಾತ್ರ ಕೆಂಪು ಗಂಟಲಿರುವ ಕೆಂಪುಗಂಟಲ ನೊಣಹಿಡುಕ, ಗಂಡಿಗೆ ಮಾತ್ರ ನೀಲಿ ಮೈ ಇರುವ ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಈ ಎರಡರಲ್ಲಿಯೂ ಹೆಣ್ಣುಗಳು ಕಂದೇ.

ಈ ಗೊಂದಲಕ್ಕೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಒಂದು ಒಳ್ಳೆಯ ದಾರಿಯುಂಟು. ಪಾಠಶಾಲೆಯಲ್ಲಿ ತರ್ಕ ಓದಿದವರಿಗೆ ನೆನಪಿರಬಹುದು, ಒಂದು ವಸ್ತುವಿಗೆ ಲಕ್ಷಣ ಹೇಳುವಾಗ ಮೂರು ದೋಷಗಳು ತಗಲಬಾರದು. ಹಸು ಎಂದರೆ ಕೊಂಬಿರುವುದು ಎಂದರೆ ಆ ಲಕ್ಷಣ ಎಮ್ಮೆಗೂ ಹೋಗುತ್ತದೆ, ಇದು ಅತಿವ್ಯಾಪ್ತಿ. ಹಸು ಎಂದರೆ ಕಪಿಲ ಬಣ್ಣದ್ದು ಎಂದರೆ ಬಿಳಿಯ ಹಸು, ಕರಿಯ ಹಸು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಹಸು ಎಂದರೆ ಒಂಟಿಗೊರಸಿನದು ಎಂದರೆ ಆ ಲಕ್ಷಣ ಯಾವ ಹಸುವಿನಲ್ಲಿಯೂ ಇಲ್ಲ, ಇದು ಅಸಂಭವ. ಕೊನೆಗೆ ಉಳಿಯುವುದು ಕೊರಳ ಕೆಳಗೆ ಜೋಲುವ ಗಂಗೆದೊಗಲು. ಅದೇ ಹಸುವಿನ ಲಕ್ಷಣ. ಶಾಸ್ತ್ರಕಾರರು ಹಕ್ಕಿಯ ಚಿತ್ರ ನೋಡಿದವರಲ್ಲ, ನಿಜ. ಆದರೂ ಈ ಮೂರು ದೋಷಗಳ ಜರಡಿಯಲ್ಲಿ ಚಿತ್ರವನ್ನು ಸೋಸಿದರೆ ಆಶ್ಚರ್ಯವಾಗುವಷ್ಟು ಜೊಳ್ಳು ಹಾರಿಹೋಗುತ್ತದೆ.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2024ರ ಡಿಸೆಂಬರಿನಲ್ಲಿ ಒಂದು ಚಿತ್ರ ಕಳುಹಿಸಿದ. ಎಂಟನೆಯ ತರಗತಿಯಲ್ಲಿರುವ ಅವನ ಮಗಳು ತೆಗೆದದ್ದು. ಹಕ್ಕಿ ಕುಳಿತದ್ದು ಒಂದೇ ಕ್ಷಣ, ಸಿಕ್ಕಿದ್ದು ಒಂದೇ ಚಿತ್ರ. ಹಿಂದೆಯೇ ದೂರವಾಣಿಯಲ್ಲಿ ಅವನ ಮಾತೂ ಬಂತು: “ಮೇಷ್ಟ್ರೇ, ಹಳ್ಳದ ಅಂಚಿನಲ್ಲಿ ಪೊದೆ ವಿಪರೀತ ಬೆಳೆದಿದೆ. ಕೊಯ್ಲು ಮುಗಿದ ಮೇಲೆ ಸವರಿಸಿ ಅಲ್ಲೂ ನಾಲ್ಕು ಗಿಡ ಹಾಕೋಣ ಅಂತಿದ್ದೆ. ಮಗಳು ಬಿಡ್ತಾ ಇಲ್ಲ. ಇದು ಅಪರೂಪದ್ದು ಅಂತ ನೀವು ಹೇಳಿದರೆ ಬಿಡ್ತೀನಿ. ಎಲ್ಲಾ ಕಡೆ ಇರೋದೇ ಆದರೆ ಸವರಿಸ್ತೀನಿ.”

ಇಂಥ ಸಂದರ್ಭದಲ್ಲಿಯೇ ಎಚ್ಚರ ಬೇಕಾಗುವುದು. ಹೆಸರಿನ ಮೇಲೆ ಏನೋ ಒಂದು ನಿಂತಿದೆ ಎಂದು ತಿಳಿದ ಕೂಡಲೇ ನಮ್ಮ ಕಣ್ಣು ನಮಗೆ ಬೇಕಾದ್ದನ್ನು ಕಾಣತೊಡಗುತ್ತದೆ. ಪೊದೆ ಉಳಿಯಲಿ ಎಂಬ ಆಸೆ ನನಗೂ ಇದೆ. ಆ ಆಸೆಯನ್ನು ಹಕ್ಕಿಯ ಎದೆಗೆ ಬಳಿದು, ಇದು ಕಂದೆದೆಯದೇ ಎಂದುಬಿಡುವುದು ಎರಡು ನಿಮಿಷದ ಕೆಲಸ. ಚಿತ್ರ ತೋರಿಸಿದರೆ ತಾವೇ ಹೆಸರು ಹೇಳುವ ಸಾಧನಗಳೂ ಈಗ ಮೊಬೈಲಿನಲ್ಲಿ ಬಂದಿವೆ, ಉಪಯುಕ್ತವಾದವೇ. ಆದರೆ ಅವು ಹೇಳಿದ ಹೆಸರು ಸರಿಯೇ ಎಂದು ನೋಡಲು ಮತ್ತೆ ನಮ್ಮ ಕಣ್ಣನ್ನೇ ತೆರೆಯಬೇಕು.

ಚಿತ್ರದಲ್ಲಿ ಇದ್ದದ್ದು ಇಷ್ಟು. ಕಾಫಿ ಗಿಡದ ಒಣಗಿದ ರೆಂಬೆ, ನೆಲದಿಂದ ಮೊಣಕಾಲೆತ್ತರ. ಅದರ ಮೇಲೆ ಮುಕ್ಕಾಲು ಮುಖ ತಿರುಗಿಸಿ ಕುಳಿತ ಕಂದು ಹಕ್ಕಿ. ದೊಡ್ಡ ಕಣ್ಣು, ಅದರ ಸುತ್ತ ಬೆಳ್ಳನೆಯ ಬಳೆ. ಎದೆಯಲ್ಲಿ ಹಸಿರಿಗೆ ತಿರುಗಿದ ಮಸುಕು ಬಣ್ಣ. ಬಾಲ ಎಲೆಯ ಹಿಂದೆ ಮುಕ್ಕಾಲು ಮರೆ. ಹಿನ್ನೆಲೆಯಲ್ಲಿ ಗಡಿಯ ಗುರುತಿಗೆ ಸುಣ್ಣ ಬಳಿದಿದ್ದ ಒಂದು ಮರದ ಬುಡ.

ಮೊದಲು ಅತಿವ್ಯಾಪ್ತಿಯನ್ನು ಕಳೆಯೋಣ. ಕಂದು ಮೈ, ದೊಡ್ಡ ಕಣ್ಣು, ಕಣ್ಣಿನ ಬಳೆ, ನೆಟ್ಟನೆಯ ನಿಲುವು: ನೋಡಿದವರ ಮನಸ್ಸನ್ನು ಮೊದಲು ಸೆಳೆಯುವುದು ಇವೇ. ಆದರೆ ಕಂದು ನೊಣಹಿಡುಕಕ್ಕೂ ಕಂದೆದೆಯದಕ್ಕೂ ಇವಷ್ಟೂ ಸಮಾನ. ಎಮ್ಮೆಗೂ ಹಸುವಿಗೂ ಇರುವ ಕೊಂಬಿನಂತೆ ಇವು. ಚಿತ್ರದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದೇ ನಿರ್ಣಯಕ್ಕೆ ಅತ್ಯಂತ ನಿರುಪಯೋಗಿಯಾಗಿರುವುದು ಈ ಹಕ್ಕಿಗಳ ಒಂದು ವೈಚಿತ್ರ್ಯ.

ಅವ್ಯಾಪ್ತಿ ಇನ್ನೊಂದು ಬಗೆಯ ಮೋಸ. ‘ಗಂಟಲು ಕೆಂಪಿಲ್ಲ, ಆದ್ದರಿಂದ ಇದು ಕೆಂಪುಗಂಟಲದ್ದಲ್ಲ’ ಎನ್ನುವಂತಿಲ್ಲ. ಹೆಣ್ಣಿಗೂ ಎಳೆಯ ಗಂಡಿಗೂ ಆ ಕೆಂಪು ಇರುವುದೇ ಇಲ್ಲ. ಅವನ್ನು ಬೇರ್ಪಡಿಸಬೇಕಾದರೆ ಬಾಲ ನೋಡಬೇಕು. ಕಪ್ಪು ಬಾಲದ ಬುಡದಲ್ಲಿ ಇಕ್ಕೆಲಕ್ಕೂ ಬಿಳಿಯ ಪಟ್ಟಿಗಳಿರುತ್ತವೆ, ಮತ್ತು ಹಕ್ಕಿ ಬಾಲವನ್ನು ಆಗಾಗ ಮೇಲಕ್ಕೆ ನಿಮಿರಿಸುತ್ತದೆ. ನಿಮಿರಿಸುವುದು ಚಿತ್ರದಲ್ಲಿ ಬರುವುದಿಲ್ಲ. ನಮ್ಮ ಚಿತ್ರದಲ್ಲಿ ಬಾಲದ ಕಾಲು ಭಾಗ ಮಾತ್ರ ಹೊರಗಿತ್ತು. ಅಷ್ಟರಲ್ಲಿ ಕಂಡ ಅಂಚು ಕಂದಾಗಿತ್ತು, ಕಪ್ಪಲ್ಲ, ಬಿಳಿಯೂ ಇಲ್ಲ. ಅದರಿಂದ ಕೆಂಪುಗಂಟಲನ್ನು ಬಿಟ್ಟೆವು. ಬಿಳಿಹೊಟ್ಟೆಯ ನೀಲಿಯ ಹೆಣ್ಣಿಗಾದರೋ ಎದೆಗೆ ಇಟ್ಟಿಗೆಯ ಕೆಂಪು ಇರಬೇಕಿತ್ತು, ಗಾತ್ರವೂ ಸ್ವಲ್ಪ ಹೆಚ್ಚು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಅಸಂಭವ. ಹಸಿರು ಛಾಯೆಯ ಎದೆ ಈ ಕಂದು ನೊಣಹಿಡುಕಗಳ ಪೈಕಿ ಒಂದಕ್ಕೂ ಇಲ್ಲ. ಹಾಗಾದರೆ ಚಿತ್ರದಲ್ಲಿ ಎಲ್ಲಿಂದ ಬಂತು? ಎಲೆಗಳ ಚಪ್ಪರದ ಕೆಳಗೆ ಬೀಳುವ ಬೆಳಕು ಎಲೆಗಳನ್ನು ಹಾದು, ಎಲೆಗಳಿಂದ ಚಿಮ್ಮಿ ಬಂದದ್ದು. ಸೂರ್ಯನ ಬೆಳಕಿನ ಕೆಂಪನ್ನೂ ನೀಲಿಯನ್ನೂ ಎಲೆ ಹೆಚ್ಚಾಗಿ ಹೀರಿಕೊಂಡು ಹಸಿರನ್ನು ಹೊರಕ್ಕೆ ಬಿಡುತ್ತದೆ. ನಮ್ಮ ಕಣ್ಣು ಮತ್ತು ಮಿದುಳು ಇದನ್ನು ತಾವಾಗಿಯೇ ಸರಿಪಡಿಸಿಕೊಳ್ಳುತ್ತವೆ. ಮರದ ನೆರಳಿನಲ್ಲಿ ಬಿಳಿಯ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮರಾ ಕೂಡ ಸರಿಪಡಿಸಲು ಯತ್ನಿಸುತ್ತದೆ, ಆದರೆ ಅದರ ಊಹೆ ಒಮ್ಮೆ ಹೆಚ್ಚು, ಒಮ್ಮೆ ಕಡಮೆ. ಎದೆಯ ಮಾತೇ ಹೀಗಾದರೆ ‘ಕಂದೆದೆ’ ಎಂಬ ಹೆಸರನ್ನು ನೆಚ್ಚಿಕೊಳ್ಳುವುದು ಹೇಗೆ? ಕಂದು ಮತ್ತು ಎದೆ ಸೇರಿ ಕಂದೆದೆ ಆಗುವಾಗ ವ್ಯಾಕರಣದಲ್ಲಿ ಒಂದು ಉಕಾರ ಮಾತ್ರ ಲೋಪವಾಗುತ್ತದೆ. ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಕಂದೂ ಲೋಪ, ಕೆಲವು ವೇಳೆ ಎದೆಯೂ ಲೋಪ.

ಇಲ್ಲಿ ನಮಗೆ ನೆರವಾದದ್ದು ಆ ಸುಣ್ಣ ಬಳಿದ ಮರ. ಸುಣ್ಣ ಬಿಳಿಯೆಂದು ನಮಗೆ ಗೊತ್ತು. ಚಿತ್ರದಲ್ಲಿ ಅದೂ ತೆಳುವಾದ ಹಸಿರಾಗಿ ಕಂಡಿತು. ಸುಣ್ಣಕ್ಕೆ ಎಷ್ಟು ಹಸಿರು ಅಂಟಿದೆಯೋ ಸುಮಾರಾಗಿ ಅಷ್ಟೇ ಹಸಿರು ಹಕ್ಕಿಗೂ ಅಂಟಿರಬೇಕು. ಅಷ್ಟನ್ನು ಕಳೆದು ನೋಡಿದಾಗ ಉಳಿದದ್ದು ಬೆಳ್ಳನೆಯ ಗಂಟಲು, ಅದರ ಕೆಳಗೆ ಎದೆಗೆ ಅಡ್ಡಲಾಗಿ ಕಂದಿನ ಒಂದು ಪಟ್ಟೆ. ಹಕ್ಕಿಯ ಚಿತ್ರವನ್ನು ಇತರರಿಗೆ ಕಳುಹಿಸುವಾಗ ಸುತ್ತಲಿನದನ್ನೆಲ್ಲ ಕತ್ತರಿಸಿ ಹಕ್ಕಿಯನ್ನು ಮಾತ್ರ ದೊಡ್ಡದು ಮಾಡುವ ಅಭ್ಯಾಸ ಈಗ ಬಹಳವಾಗಿದೆ. ಅದು ಸಾಕ್ಷಿಯನ್ನು ಕತ್ತರಿಸಿ ಎಸೆದಂತೆ. ಆ ಹುಡುಗಿ ಕತ್ತರಿಸದೆ ಕಳುಹಿಸಿದ್ದಳು.

ಆದರೂ ಎದೆಯ ಪಟ್ಟೆ ಪೂರ್ಣ ಸಾಕ್ಷಿಯಲ್ಲ. ಕಂದು ನೊಣಹಿಡುಕಕ್ಕೂ ಎದೆಯಲ್ಲಿ ಬೂದುಗಂದಿನ ಮಸುಕು ಇರುತ್ತದೆ. ಹಾಗಾದರೆ ಗಂಗೆದೊಗಲು ಯಾವುದು? ಇವೆರಡರ ನಡುವೆ ಅದು ಇರುವುದು ಕಾಲಿನಲ್ಲಿ ಮತ್ತು ಕೆಳಗೊಕ್ಕಿನಲ್ಲಿ. ಕಂದು ನೊಣಹಿಡುಕದ ಕಾಲು ಕಪ್ಪು. ಕೆಳಗೊಕ್ಕು ಬುಡದಲ್ಲಿ ಮಾತ್ರ ಹಳದಿ, ತುದಿ ಕಪ್ಪು. ಕಂದೆದೆಯದಕ್ಕೆ ಕಾಲು ತೆಳು ಹಳದಿಯೋ ಮಾಂಸದ ಬಣ್ಣವೋ. ಕೆಳಗೊಕ್ಕು ಬುಡದಿಂದ ತುದಿಯವರೆಗೆ ತೆಳು ಹಳದಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕಾಲು ತೆಳ್ಳಗೆ ತಿಳಿಬಣ್ಣದಲ್ಲಿ ಕಂಡಿತು.

ಇಲ್ಲಿಗೇ ನಿಲ್ಲಬಾರದು. ಬೆಳಕು ಹೆಚ್ಚಾಗಿ ಬಿದ್ದರೆ ಕಪ್ಪು ಕಾಲೂ ತಿಳಿಯಾಗಿ ಕಾಣಬಹುದಲ್ಲ? ಕಾಣಬಹುದು. ಆ ಸಂಶಯಕ್ಕೆ ಉತ್ತರವೂ ಹಕ್ಕಿಯ ಮೈಯಲ್ಲಿಯೇ ಇತ್ತು. ಮೇಲುಗೊಕ್ಕು ಎರಡು ಜಾತಿಯಲ್ಲಿಯೂ ಕಪ್ಪೇ. ಅದೇ ಚಿತ್ರದಲ್ಲಿ, ಅದೇ ಬೆಳಕಿನಲ್ಲಿ, ಮೇಲುಗೊಕ್ಕು ಕಪ್ಪಾಗಿಯೇ ಉಳಿದಿತ್ತು. ಬೆಳಕು ಮೇಲುಗೊಕ್ಕನ್ನು ಬಿಟ್ಟು ಕಾಲನ್ನು ಮಾತ್ರ ತಿಳಿಯಾಗಿಸಿತೆಂದರೆ ಯಾರೂ ಒಪ್ಪುವುದಿಲ್ಲ. ಇನ್ನು ಕೆಳಗೊಕ್ಕು. ಮುಖ ಮುಕ್ಕಾಲು ತಿರುಗಿದ್ದರಿಂದ ಅದರ ತುದಿ ಹಿಂದಿನ ಕಪ್ಪು ಎಲೆಯ ಎದುರಿಗೆ ಸ್ಪಷ್ಟವಾಗಿ ನಿಂತಿತ್ತು, ತುದಿಯವರೆಗೂ ಹಳದಿಯೇ. ಒಂದನ್ನೊಂದು ಆಶ್ರಯಿಸದ ಎರಡು ಗುರುತುಗಳು ಒಂದೇ ಹೆಸರಿನ ಕಡೆ ಬೆರಳು ತೋರಿಸಿದವು. ಉಳಿದದ್ದು ತುಕ್ಕುಬಾಲದ್ದು. ಅದರ ಕೊಕ್ಕಿನಲ್ಲಿಯೂ ಹಳದಿ ಇರುತ್ತದೆ. ಆದರೆ ಅದರ ಮುಖ ತೀರ ಸಪ್ಪೆ, ಗಂಟಲಿಗೂ ಎದೆಗೂ ನಡುವೆ ಇಂಥ ಗಡಿಯೇ ಇರುವುದಿಲ್ಲ, ಬಾಲದ ಕೆಂಪೋ ಎಲೆಯ ಮರೆಯಿಂದ ಇಣುಕಿದರೂ ಎದ್ದು ಕಾಣಬೇಕು.

ಸ್ಥಳ ಮತ್ತು ಕಾಲ ಕೂಡ ಸಾಕ್ಷಿಗಳೇ, ಆದರೆ ಅವುಗಳ ತೂಕ ಎಲ್ಲ ಕಡೆಯೂ ಒಂದೇ ಅಲ್ಲ. ಡಿಸೆಂಬರ್ ತಿಂಗಳ ಮಲೆನಾಡಿನಲ್ಲಿ ಈ ಮೂರರಲ್ಲಿ ಯಾವುದಾದರೂ ಇರಬಹುದಾದ್ದರಿಂದ ಇಲ್ಲಿ ಅವು ಹೆಚ್ಚೇನೂ ಹೇಳಲಿಲ್ಲ. ಇದೇ ಚಿತ್ರ ಜೂನ್ ತಿಂಗಳಿನದಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು. ಆಗ ಕಂದೆದೆಯದು ಈಶಾನ್ಯದ ಗುಡ್ಡಗಳಲ್ಲಿ ಗೂಡಿನ ಬಳಿ ಇರಬೇಕಾದ್ದು. ರೆಂಬೆಯ ಎತ್ತರ ಮಾತ್ರ ಸ್ವಲ್ಪ ಸಹಾಯ ಮಾಡಿತು. ಕಂದು ನೊಣಹಿಡುಕ ಸಾಮಾನ್ಯವಾಗಿ ತೆರಪಾದ ಮರಗಳ ನಡು ಎತ್ತರದ ಬೋಳು ರೆಂಬೆಯನ್ನು ಇಷ್ಟಪಡುತ್ತದೆ. ಕಂದೆದೆಯದು ಸಂಕೋಚದ ಹಕ್ಕಿ. ದಟ್ಟವಾದ ನೆರಳಿನಲ್ಲಿ, ಪೊದೆಗಳ ನಡುವೆ, ನೆಲಕ್ಕೆ ಹತ್ತಿರವಾಗಿ ಅದರ ವಾಸ.

ಅವನಿಗೆ ನಾನು ಬರೆದ ಉತ್ತರ ಎರಡು ಭಾಗದ್ದು. ಚಿತ್ರದಲ್ಲಿರುವುದು ಕಂದೆದೆಯ ನೊಣಹಿಡುಕ. ಕಾಲು ಮತ್ತು ಕೆಳಗೊಕ್ಕು ಇದಕ್ಕೆ ಆಧಾರ. ಆದರೆ ಇದು ಅಳಿವಿನ ಅಂಚಿನಲ್ಲಿರುವ ಹಕ್ಕಿಯಲ್ಲ. ಪಶ್ಚಿಮ ಘಟ್ಟದ ನೆರಳುಗಾಡಿನಲ್ಲಿ ಹುಡುಕುವವರಿಗೆ ಸಿಕ್ಕುವಂಥದೇ. ಸವರಿದ ಹಳ್ಳದಂಚಿನಲ್ಲಿ ಮಾತ್ರ ಸಿಕ್ಕುವುದಿಲ್ಲ. ಅಪರೂಪವೇ ಎಂದು ಕೇಳುವುದಕ್ಕಿಂತ, ಇದಕ್ಕೆ ಬೇಕಾದ್ದು ನಿನ್ನ ತೋಟದಲ್ಲಿ ಬೇರೆಲ್ಲಿಯಾದರೂ ಇದೆಯೇ ಎಂದು ನೋಡಪ್ಪ, ಎಂದೆ. ಅವನು ನೋಡಿದನೋ, ಮಗಳು ನೋಡಲು ಹಚ್ಚಿದಳೋ, ಪೊದೆ ಈವರೆಗೂ ಇದೆ. ಬರುವ ವರ್ಷ ಏನು ಮಾಡುತ್ತಾನೆಂಬುದು ಅವನಿಗೆ ಮತ್ತು ಅವನ ಮಗಳಿಗೆ ಸೇರಿದ್ದು.

ಈ ಹಕ್ಕಿಯ ಶಾಸ್ತ್ರೀಯ ಹೆಸರಿನಲ್ಲಿ ಒಂದು ಕಥೆಯಿದೆ. ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಎಡ್ಗರ್ ಲೇಯಾರ್ಡ್ ಎಂಬ ಪಕ್ಷಿಶಾಸ್ತ್ರಜ್ಞ 1854ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿ ಹೆಸರಿಟ್ಟ. ಆ ಕಾಲದಲ್ಲಿ ಹಕ್ಕಿಗಳಿಗೆ ಗವರ್ನರುಗಳ ಹೆಸರು, ಸೇನಾನಿಗಳ ಹೆಸರು, ಅವರ ಹೆಂಡಿರ ಹೆಸರು ಇಡುವುದು ವಾಡಿಕೆ. ಲೇಯಾರ್ಡ್ ಇಟ್ಟದ್ದು ತನ್ನ ಸೇವಕನಾಗಿದ್ದ ಮುತ್ತು ಎಂಬ ತಮಿಳನ ಹೆಸರನ್ನು. ಇಂದಿಗೂ ಪ್ರಪಂಚದ ಎಲ್ಲ ಪಕ್ಷಿಗ್ರಂಥಗಳಲ್ಲಿ ಇದು ಮಸ್ಕಿಕಾಪ ಮುತ್ತುಯಿ. ಕಂದು ನೊಣಹಿಡುಕಕ್ಕೆ ಬೈಕಲ್ ಸರೋವರದಾಚೆಯ ದೌರಿಯ ಎಂಬ ಪ್ರಾಂತದ ಹೆಸರು ಬಂದಿದೆ. ಅದನ್ನು ಪಲ್ಲಾಸ್ ಎಂಬ ವಿದ್ವಾಂಸ 1811ರಲ್ಲಿ ಇಟ್ಟದ್ದು. ನನಗೇನೋ ಮುತ್ತುವಿನ ಹೆಸರೇ ಹೆಚ್ಚು ಹಿತ.

ಲೇಯಾರ್ಡನ ಕಾಲದಲ್ಲಿ ಸಂಶಯ ಬಂದ ಹಕ್ಕಿಯನ್ನು ಹೊಡೆದು, ತೊಗಲು ಸುಲಿದು, ಚೀಟಿ ಕಟ್ಟಿ ಇಡುತ್ತಿದ್ದರು. ಕ್ರೂರವಾದ ಪದ್ಧತಿ. ಆದರೆ ಅದರಲ್ಲಿ ಒಂದು ಗುಣವಿತ್ತು: ನೂರು ವರ್ಷ ಕಳೆದ ಮೇಲೂ ಇನ್ನೊಬ್ಬ ವಿದ್ವಾಂಸ ಅದೇ ತೊಗಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಅಳತೆ ಮಾಡಿ, ಹಿಂದಿನವರು ಕೊಟ್ಟ ಹೆಸರು ತಪ್ಪೆಂದು ಹೇಳಬಹುದಾಗಿತ್ತು. ಆ ತೊಗಲಿನ ಸ್ಥಾನಕ್ಕೆ ಈಗ ಚಿತ್ರ ಬಂದಿದೆ. ಚಿತ್ರವನ್ನು ತಿರುಗಿಸಿ ನೋಡಲಾಗದು. ಆದ್ದರಿಂದ ತೊಗಲಿಗೆ ಕಟ್ಟುತ್ತಿದ್ದ ಚೀಟಿಗಿಂತ ಹೆಚ್ಚಿನ ಚೀಟಿ ಇದಕ್ಕೆ ಬೇಕು. ದಿನಾಂಕ, ಹೊತ್ತು, ಊರು ಇವಿಷ್ಟೇ ಸಾಲದು. ನೆಲದಿಂದ ಎಷ್ಟು ಎತ್ತರದಲ್ಲಿ ಕುಳಿತಿತ್ತು, ಬಾಲ ಅಲ್ಲಾಡಿಸಿತೇ, ರೆಕ್ಕೆ ಕೊಡವಿತೇ, ಹಾರಿಹೋದದ್ದು ಅದೇ ರೆಂಬೆಗೆ ಮರಳಿತೇ, ಕೂಗಿದ್ದರೆ ಹೇಗೆ ಕೂಗಿತು, ಇದನ್ನೆಲ್ಲ ಆಗಲೇ ಎರಡು ಸಾಲು ಬರೆದಿಡಬೇಕು. ಸಂಜೆಗೆ ಬರೆಯೋಣವೆಂದರೆ, ಅಷ್ಟರಲ್ಲಿ ಪುಸ್ತಕದಲ್ಲಿ ಓದಿದ್ದು ಕಣ್ಣಾರೆ ಕಂಡದ್ದರ ಜೊತೆ ಕಲೆತುಹೋಗಿರುತ್ತದೆ.

ಅದೇ ಹಳ್ಳದಂಚಿನಿಂದ 2025ರ ಜನವರಿಯಲ್ಲಿ ಆ ಹುಡುಗಿ ಇನ್ನೊಂದು ಚಿತ್ರ ಕಳುಹಿಸಿದಳು. ಈ ಸಲ ಹಕ್ಕಿ ಬೆನ್ನು ತೋರಿಸಿ ಕುಳಿತಿದೆ. ಮುಖವಿಲ್ಲ, ಕಾಲಿಲ್ಲ, ಕೊಕ್ಕಿಲ್ಲ. ಕಾಣುವುದು ಬೆನ್ನು ಮತ್ತು ಕೆಂಪಿಗೆ ತಿರುಗಿದ ಬಾಲ. ತುಕ್ಕುಬಾಲದ್ದಿರಬಹುದು. ಬಿಳಿಹೊಟ್ಟೆಯ ನೀಲಿಯ ಹೆಣ್ಣಿರಬಹುದು, ಅದರ ಬಾಲದಲ್ಲಿಯೂ ಕೆಂಪುಂಟು. ಬಿಸಿಲು ಓರೆಯಾಗಿ ಬಿದ್ದಿದ್ದರೆ ಡಿಸೆಂಬರಿನ ಆ ಕಂದೆದೆಯದೇ ಇರಬಹುದು. ತೋಟದ ಹಕ್ಕಿಗಳ ಪಟ್ಟಿಯಲ್ಲಿ ಆ ದಿನದ ಸಾಲಿಗೆ ಏನು ಬರೆಯಲೆಂದು ಅವಳು ಕೇಳಿದ್ದಳು. ‘ನೊಣಹಿಡುಕ ಒಂದು, ಬಾಲ ಕೆಂಪು, ಜಾತಿ ತಿಳಿಯಲಿಲ್ಲ’ ಎಂದು ಬರೆಯಮ್ಮ, ಎಂದೆ. ಹಾಗೆಯೇ ಬರೆದಿದ್ದಾಳೆ.